ಹೊಳೆ ರೀವಕ್ಕೊಂದು ಕಾಲಂ

ಏಪ್ರಿಲ್ ಬಿಸಿಲಿಗೆ ರಂಗನತಿಟ್ಟಿನ ಬಂಡೆಗಳು ಹೊತ್ತೇರುವ ಮೊದಲೇ ಕಾದಿರುತ್ತವೆ. ಹೊಳೆ ರೀವಗಳು ಮೊಟ್ಟೆಯಿಡುವುದು ಆ ಬರಿಗಲ್ಲಿನ ಮೇಲೆ. ಕಡ್ಡಿಯಿಲ್ಲ, ಹುಲ್ಲಿಲ್ಲ, ಬಂಡೆಯ ತಗ್ಗಿನಲ್ಲಿ ಮಾಸಲು ಬೂದು ಮೈಗೆ ಕಂದು ಮಚ್ಚೆ ಬಿದ್ದ ಎರಡೋ ಮೂರೋ ಮೊಟ್ಟೆ. ಕೂತ ಹಕ್ಕಿಯ ನೆತ್ತಿ ಕಾಡಿಗೆಗಪ್ಪು, ಕೊಕ್ಕು ಅರಿಶಿನ ಹಳದಿ, ಬೆನ್ನು ತಿಳಿಬೂದಿ. ಬಹಳ ಹೊತ್ತು ಅದು ಕದಲುವುದಿಲ್ಲ. ಆಮೇಲೆ ಎದ್ದು, ನೀರಿಗೆ ತಾಗುವಷ್ಟು ತಗ್ಗಿ ಹಾರಿ, ಹೊಟ್ಟೆಯ ಗರಿಗಳನ್ನಷ್ಟೇ ಅದ್ದಿಕೊಂಡು ಮರಳುತ್ತದೆ. ಒದ್ದೆ ಗರಿಗಳನ್ನು ಅರಳಿಸಿ ಮೊಟ್ಟೆಗಳ ಮೇಲೆ ಮೆಲ್ಲನೆ ಇಳಿಯುತ್ತದೆ. ಆ ಹೊತ್ತಿನಲ್ಲಿ ಮೊಟ್ಟೆಗೆ ಬೇಕಿರುವುದು ತಂಪು.

ಸಂಜೆ ಮನೆಯಲ್ಲಿ ನಮ್ಮ ಗುಂಪಿನ ಫಾರಂ ತೆರೆದು, ನಡವಳಿಕೆಗಳ ಪಟ್ಟಿಗೆ 'ಹೊಟ್ಟೆ ನೆನೆಸಿ ಬಂದು ಕೂತದ್ದು' ಎಂದು ಒಂದು ಸಾಲು ಸೇರಿಸಿದೆ. ಕಂಡ ಹಕ್ಕಿಗಳನ್ನು ದಾಖಲಿಸಲು ನಾವು ಕೆಲವೇ ಗೆಳೆಯರು ನಮ್ಮ ಬಳಕೆಗೆಂದು ಕಟ್ಟಿಕೊಂಡ ಆ್ಯಪ್ ಅದು. 2008ರಲ್ಲಿ ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಶುರುವಾದ ಓಡಿಕೆ (ODK) ಎಂಬ ಫಾರಂ ಕಟ್ಟುವ ಸಾಧನ ಅದಕ್ಕೆ ಆಧಾರ. ಕೋಡ್ ಬರೆಯಬೇಕಿಲ್ಲ. ಎಕ್ಸೆಲ್ ಹಾಳೆಯಲ್ಲಿ ಸಾಲಿಗೊಂದು ಪ್ರಶ್ನೆ. ಇನ್ನೊಂದು ಹಾಳೆಯಲ್ಲಿ ಉತ್ತರದ ಆಯ್ಕೆಗಳು. 'ರೆಲವೆಂಟ್' ಎಂಬ ಕಾಲಂನಲ್ಲಿ ಯಾವ ಪ್ರಶ್ನೆ ಯಾವಾಗ ಕಾಣಬೇಕೆಂಬ ಷರತ್ತು. ಸಿಗ್ನಲ್ ಇಲ್ಲದ ಕಡೆಯೂ ತುಂಬಬಹುದು, ನೆಟ್‌ವರ್ಕ್ ಸಿಕ್ಕಾಗ ಕಳಿಸಬಹುದು. ನೋಡುವವರೇ ಪ್ರಶ್ನೆಯನ್ನೂ ಬರೆಯುವುದು ನನಗೆ ದೊಡ್ಡ ವಿಷಯವಾಗಿ ಕಾಣುತ್ತದೆ.

ಪಾಂಡವಪುರದ ಕಡೆ, ವಿ.ಸಿ. ನಾಲೆಯ ನೀರುಂಡ ಗದ್ದೆಗಳಲ್ಲಿ ಬಾಯ್ಕಳಕ ಕೊಕ್ಕರೆಗಳು ಕೆಸರು ತಡಕುತ್ತ ನಿಧಾನ ಹೆಜ್ಜೆ ಹಾಕುತ್ತವೆ. ಬಸವನಹುಳು ಸಿಕ್ಕೊಡನೆ ಚಿಪ್ಪನ್ನು ನೆಲಕ್ಕೊತ್ತಿ, ಕೆಳಕೊಕ್ಕಿನ ತುದಿಯನ್ನು ಒಳಗೆ ತೂರಿಸಿ, ತಲೆಯನ್ನು ಸಣ್ಣಗೆ ಅಲುಗಿಸಿ ಮಾಂಸವನ್ನು ಬಿಡಿಸಿಕೊಳ್ಳುತ್ತವೆ. ಚಿಪ್ಪು ಇಡಿಯಾಗಿಯೇ ಬದುವಿನಂಚಿಗೆ ಉಳಿಯುತ್ತದೆ. ದೊಡ್ಡ ಹಕ್ಕಿಗಳ ಕೊಕ್ಕಿನ ನಡುವೆ ಕಾಣುವ ಸಂದು ಮರಿಗಳಲ್ಲಿ ಇರುವುದಿಲ್ಲ, ವಯಸ್ಸಾಗುತ್ತ ಮೂಡುತ್ತದೆ. ಹಾಗಾಗಿ ನಮ್ಮ ಫಾರಂನಲ್ಲಿ 'ಬಾಯ್ಕಳಕ' ಎಂದು ಒತ್ತಿದರೆ ಸಾಕು, 'ಕೊಕ್ಕಿನಲ್ಲಿ ಸಂದು ಇದೆಯೇ?' ಎಂಬ ಪ್ರಶ್ನೆ ತೆರೆದುಕೊಳ್ಳುತ್ತದೆ.

ನಾಗಮಂಗಲದ ಆದಿಚುಂಚನಗಿರಿಯ ನವಿಲುಗಳಿಗೆ ಗಂಡು, ಹೆಣ್ಣು ಎಂಬ ಎರಡೇ ಆಯ್ಕೆ ಸಾಲದು. ಮಳೆಗಾಲ ಹಿಂದಾಗುತ್ತ ಗಂಡಿನ ಉದ್ದ ಗರಿಗಳು ಉದುರುತ್ತವೆ. ಪೊದೆಯ ಮರೆಯಲ್ಲಿ ಬೆನ್ನಷ್ಟೇ ಕಂಡರೆ ಗುರುತು ಹಿಡಿಯುವುದು ಕಷ್ಟ. ಹಾರಿದಾಗ ರೆಕ್ಕೆಯಂಚಿನ ಇಟ್ಟಿಗೆಗೆಂಪು ಹೊಳೆದರೆ ಗಂಡೆಂದು ತಿಳಿಯುತ್ತದೆ. ಆ ಪಟ್ಟಿಯಲ್ಲಿ 'ಗರಿ ಉದುರಿದ ಗಂಡು' ಇದೆ, 'ಗೊತ್ತಾಗಲಿಲ್ಲ' ಕೂಡ ಇದೆ. ಈ ಕೊನೆಯದನ್ನು ತೆಗೆದುಹಾಕೋಣವೆಂದು ಯಾರಾದರೂ ಹೇಳಿದಾಗಲೆಲ್ಲ ನಾನು ಒಪ್ಪಿಲ್ಲ. ಆಯ್ಕೆ ಇಲ್ಲದಿದ್ದರೆ ಜನ ಊಹೆಯನ್ನೇ ಒತ್ತುತ್ತಾರೆ.

ಕೆ.ಆರ್. ಪೇಟೆಯ ಹೇಮಗಿರಿಯಲ್ಲಿ, ಹೇಮಾವತಿಯ ದಡದಲ್ಲಿ, ರೆಕ್ಕೆ ಬಿಚ್ಚಿ ಒಣಗಿಸುವ ನೀರುಕಾಗೆಗಳಿಗೆ ಇನ್ನೂ 'ಇತರೆ' ಎಂಬ ಖಾಲಿ ಜಾಗವೇ ಗತಿ. ಅಲ್ಲಿ ಬರೆದ ವಾಕ್ಯಗಳನ್ನು ನಾನು ಎಲ್ಲಕ್ಕಿಂತ ಮೊದಲು ಓದುತ್ತೇನೆ.

ರೀವಗಳ ಹಾಳೆಗೆ ಈಗ ಮತ್ತೊಂದು ಸಾಲು ಬೇಕಾಗಿದೆ. ಕನ್ನಂಬಾಡಿ ಅಣೆಕಟ್ಟೆಯಿಂದ ನೀರು ಬಿಟ್ಟರೆ ತಗ್ಗಿನ ಬಂಡೆಗಳು ಮುಳುಗುತ್ತವೆ. ಮೊಟ್ಟೆಗೂ ನೀರಿಗೂ ಎಷ್ಟು ಅಂತರವಿದೆ ಎಂಬುದನ್ನು ದಡದಿಂದಲೇ ಗುರುತಿಸಬೇಕು. ಕೊಕ್ಕಿನಿಂದ ಬಾಲದ ತುದಿಗೆ ರೀವ ಹೆಚ್ಚುಕಡಿಮೆ ಒಂದು ಮೊಳ. ಆಯ್ಕೆಗಳನ್ನು ಹೀಗೆ ಬರೆದಿದ್ದೇನೆ: ಅರ್ಧ ಹಕ್ಕಿ, ಒಂದು ಹಕ್ಕಿ, ಎರಡು ಹಕ್ಕಿ, ಅದಕ್ಕೂ ಮೇಲೆ.