ಬೇಸಗೆಯ ರಾತ್ರಿ ನಿದ್ರೆ ಏಕೆ ಬಾರದು?

ಏಪ್ರಿಲ್ ತಿಂಗಳ ಒಂದು ರಾತ್ರಿ. ಹುಬ್ಬಳ್ಳಿ-ಧಾರವಾಡಗಳ ನಡುವೆ ಹೆದ್ದಾರಿಯ ಮಗ್ಗುಲಲ್ಲಿರುವ ರಾಯಾಪುರದಲ್ಲಿ ಗಂಟೆ ಹನ್ನೊಂದಾಗಿದೆ. ಅಂಗಳಕ್ಕೆ ಬಂದವರ ಮುಖಕ್ಕೆ ತಂಗಾಳಿ ಸೋಕುತ್ತದೆ. ಒಳಗೆ ಹೋದರೆ ಕೋಣೆ ಕುಲುಮೆಯಂತಿದೆ; ಪಂಖ ತಿರುಗುತ್ತಿದ್ದರೂ ಕಣ್ಣಿಗೆ ನಿದ್ರೆ ಹತ್ತದು. ಸೂರ್ಯ ಮುಳುಗಿ ನಾಲ್ಕು ತಾಸು ಕಳೆದ ಮೇಲೂ ಈ ಧಗೆ ಎಲ್ಲಿಂದ ಬಂದಿತು?

ಅದು ಹಗಲಿನ ಬಿಸಿಲೇ. ಕಾಂಕ್ರೀಟಿನ ಚಾವಣಿ ಕಾಯಲು ಹೇಗೆ ಹಲವು ತಾಸು ಬೇಕೋ ಆರಲೂ ಹಾಗೆಯೇ ಬೇಕು. ಮಧ್ಯಾಹ್ನ ಅದರ ಮೇಲ್ಮೈಗೆ ಬಿದ್ದ ಶಾಖವು ಮೆಲ್ಲಮೆಲ್ಲನೆ ಕೆಳಗಿಳಿದು ಸಂಜೆಯ ವೇಳೆಗೆ ಒಳಮೈಯನ್ನು ಮುಟ್ಟುತ್ತದೆ. ಅಲ್ಲಿಂದ ವಿಕಿರಣದ ರೂಪದಲ್ಲಿ ಮಲಗಿದವರ ಮೇಲೆ ಇಳಿಯುತ್ತದೆ. ಸಮುದ್ರಮಟ್ಟದಿಂದ ಸುಮಾರು 700 ಮೀಟರ್ ಎತ್ತರದ ಈ ಸೀಮೆಯಲ್ಲಿ ಏಪ್ರಿಲ್ ಹಗಲಿನ ಉಷ್ಣತೆ 37 ಡಿಗ್ರಿ ಸೆಂಟಿಗ್ರೇಡಿನಷ್ಟಿದ್ದರೂ ಬೆಳಗಿನ ಜಾವಕ್ಕೆ 21-22ಕ್ಕೆ ಇಳಿಯುವುದುಂಟು. ಅಂದರೆ ತಂಪು ಬಾಗಿಲ ಹೊರಗೇ ಕಾದು ನಿಂತಿರುತ್ತದೆ. ನಾವು ಅದನ್ನು ಒಳಗೆ ಕರೆದುಕೊಂಡಿಲ್ಲ, ಅಷ್ಟೆ.

ನಮ್ಮ ಹಿರಿಯರು ಇದನ್ನು ಅರಿತಿದ್ದರು. ಬಯಲುಸೀಮೆಯ ಮಾಳಿಗೆಮನೆಯ ದಪ್ಪ ಮಣ್ಣು ಹಗಲಿನ ಶಾಖವನ್ನು ಬಹುಮಟ್ಟಿಗೆ ಮೇಲೆಯೇ ತಡೆಯುತ್ತಿತ್ತು. ರಾತ್ರಿ ಅವರು ಮಾಳಿಗೆಯ ಮೇಲೆಯೇ ಚಾಪೆ, ಕೌದಿ ಹಾಸಿ ಮಲಗುತ್ತಿದ್ದರು. ಮೋಡವಿಲ್ಲದ ಆಕಾಶಕ್ಕೆ ಮುಖಮಾಡಿದ ವಸ್ತುವು ತನ್ನ ಶಾಖವನ್ನು ಹೊರಸೂಸಿ ಬೇಗ ತಣಿಯುವುದರಿಂದ ಅಲ್ಲಿ ಒಳಗಿಗಿಂತ ಸುಖವಿತ್ತು.

ಇನ್ನು ದೇಹದ ವಿಚಾರ. ಮಲಗಿರುವ ಮನುಷ್ಯನೂ ಒಂದು ಸಣ್ಣ ಒಲೆಯೇ. ಅವನ ದೇಹದಿಂದ ಸುಮಾರು 70 ವಾಟ್‌ನಷ್ಟು ಶಾಖ ಸತತವಾಗಿ ಹೊರಬೀಳಬೇಕು. ನಿದ್ರೆ ಹತ್ತುವಾಗ ಅಂಗೈ ಅಂಗಾಲುಗಳ ರಕ್ತನಾಳಗಳು ಹಿಗ್ಗಿ ಶಾಖವನ್ನು ಹೊರಹಾಕುತ್ತವೆ. ರಾತ್ರಿಯಲ್ಲಿ ದೇಹದ ಒಳಗಿನ ಉಷ್ಣತೆ ಸುಮಾರು 1 ಡಿಗ್ರಿ ಇಳಿಯುತ್ತದೆ. ಈ ಇಳಿತಕ್ಕೆ ಅಡ್ಡಿಯಾದರೆ ನಿದ್ರೆಗೂ ಅಡ್ಡಿ. ಒಂದು ಗ್ರಾಂ ಬೆವರು ಆವಿಯಾಗುವಾಗ ಸುಮಾರು 2400 ಜೂಲ್ ಶಾಖವನ್ನು ಒಯ್ಯುತ್ತದೆ. ಪಂಖವು ಗಾಳಿಯನ್ನು ತಂಪುಮಾಡುವುದಿಲ್ಲ. ಮೈಗೆ ಅಂಟಿಕೊಂಡ ತೇವದ ಗಾಳಿಯನ್ನು ಸರಿಸಿ ಬೆವರು ಆರಲು ನೆರವಾಗುತ್ತದೆ. ಮಂಗಳೂರಿನಂತಹ ಕರಾವಳಿಯ ಊರುಗಳಲ್ಲಿ ಗಾಳಿಯೇ ತೇವಭರಿತವಾಗಿರುವುದರಿಂದ ಈ ನೆರವು ಕಡಿಮೆ.

ಇದು ಕೇವಲ ಸುಖದ ಪ್ರಶ್ನೆಯಲ್ಲ. ಹಗಲೆಲ್ಲ ದುಡಿದ ಹೃದಯಕ್ಕೆ ರಾತ್ರಿಯ ತಂಪೇ ವಿಶ್ರಾಂತಿ. 2003ರ ಆಗಸ್ಟಿನಲ್ಲಿ ಪ್ಯಾರಿಸ್ ನಗರದ ಉಷ್ಣತೆ ಕೆಲವು ರಾತ್ರಿ 25 ಡಿಗ್ರಿಗಿಂತ ಕೆಳಗಿಳಿಯಲಿಲ್ಲ. ಆ ತಿಂಗಳ ಬಿಸಿಗೆ ಫ್ರಾನ್ಸ್ ದೇಶದಲ್ಲಿ ಸುಮಾರು 15,000 ಮಂದಿ ಬಲಿಯಾದರು. ಅವರಲ್ಲಿ ಹೆಚ್ಚಿನವರು ವೃದ್ಧರು.

ಹಾಗಾದರೆ ಮಾಡಬೇಕಾದುದೇನು? ಮೊದಲನೆಯದು, ಶಾಖ ಒಳಬರದಂತೆ ತಡೆಯುವುದು. ಹೊರಗೆ ಕಾದಿರುವಾಗ ಕಿಟಕಿಗಳನ್ನು ಮುಚ್ಚಿ ಪರದೆ ಎಳೆಯಿರಿ. ಚಾವಣಿಗೆ ಬಿಳಿ ಸುಣ್ಣ ಬಳಿದರೆ ಬಿಸಿಲಿನ ಬಹುಭಾಗ ಮರಳಿಹೋಗುತ್ತದೆ. 2010ರ ಭೀಕರ ಬಿಸಿಯ ಬಳಿಕ 2013ರಲ್ಲಿ ಉಷ್ಣ ನಿವಾರಣಾ ಯೋಜನೆಯನ್ನು ಕೈಕೊಂಡ ಅಹಮದಾಬಾದ್ ನಗರವು ಮುಂದೆ ಬಡವರ ಮನೆಗಳ ಚಾವಣಿಗೆ ಸುಣ್ಣ ಹೊಡೆಸಿತು. ಎರಡನೆಯದು, ಸಂಜೆ ಹೊರಗಾಳಿ ತಂಪಾದೊಡನೆ ಎದುರುಬದುರಿನ ಕಿಟಕಿಗಳನ್ನು ತೆರೆಯುವುದು. ಮೂರನೆಯದು, ದೇಹದ ಶಾಖಕ್ಕೆ ದಾರಿ ಬಿಡುವುದು. ದಪ್ಪ ಫೋಮಿನ ಹಾಸಿಗೆ ಬೆನ್ನಿನ ಶಾಖವನ್ನು ಹಿಡಿದಿಡುತ್ತದೆ. ಚಾಪೆ ಅಥವಾ ಕೆಳಗಿನಿಂದ ಗಾಳಿಯಾಡುವ ಹೊರಸು ಮೇಲು. ತೆಳು ಹತ್ತಿಬಟ್ಟೆ ಧರಿಸಿ, ಕಾಲುಗಳಿಗೆ ಒದ್ದೆ ಬಟ್ಟೆ ಸುತ್ತಿ, ತಲೆದೆಸೆಯಲ್ಲಿ ಕುಡಿಯುವ ನೀರಿಡಿ. ಮಾಳಿಗೆಯ ಮೇಲೆ ಮಲಗುವವರು ಸುತ್ತಲೂ ಗೋಡೆಯಿರುವುದನ್ನು ನೋಡಿಕೊಂಡು ಸೊಳ್ಳೆಪರದೆ ಕಟ್ಟಬೇಕು.

ಮನೆಯ ಹಿರಿಯರು ಸೆಕೆಯಲ್ಲಿ ಅಸಂಬದ್ಧವಾಗಿ ಮಾತನಾಡತೊಡಗಿ ಮೈ ಸುಡುತ್ತಿದ್ದರೆ ಅದು ನಿದ್ದೆಗಣ್ಣಿನ ಮಾತೆಂದು ಸುಮ್ಮನಿರಬಾರದು. ಮೈಗೆ ನೀರೆರಚಿ ಗಾಳಿ ಬೀಸುತ್ತ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ಉಳಿದವರಿಗೆ ಇಂದಿನ ಕೆಲಸ ಸುಲಭ: ಮಲಗುವ ಮುನ್ನ ಒಮ್ಮೆ ಅಂಗಳಕ್ಕೆ ಬನ್ನಿ. ಹೊರಗೆ ತಂಪಿದ್ದರೆ ಕಿಟಕಿ ತೆರೆಯಿರಿ.