ಸವೆದ ದಾರಕ್ಕೆ ಹೊಲಿಗೆ ಬೇಡ

ಕುಕ್ಕರಿನ ಹಿಡಿ ಅಲ್ಲಾಡಿದರೆ ನಾವೇ ಸ್ಕ್ರೂ ಬಿಗಿ ಮಾಡ್ತೀವಿ. ಗ್ಯಾಸ್ಕೆಟ್ ಸಡಿಲವಾದರೆ ತಣ್ಣೀರಿನಲ್ಲಿಟ್ಟು ಇನ್ನೊಂದೆರಡು ದಿನ ಕೆಲಸ ಸಾಗಿಸ್ತೀವಿ. ಆದರೆ ಸೇಫ್ಟಿ ವಾಲ್ವ್ ಹೋದರೆ ಅದಕ್ಕೆ ಎಂ-ಸೀಲ್ ಮೆತ್ತಲ್ಲ, ಹೊಸದು ತರ್ತೀವಿ. ಕುಕ್ಕರ್ ಒಂದೇ, ರಿಪೇರಿಯ ನಿಯಮ ಮಾತ್ರ ಎರಡು. ಬಂಡೆ ಹತ್ತುವವರ ಸಲಕರಣೆಗೂ ಇದೇ ಲೆಕ್ಕ. ಯಾವುದು ಹಿಡಿ, ಯಾವುದು ವಾಲ್ವ್ ಅಂತ ಗೊತ್ತಿರಬೇಕು, ಅಷ್ಟೆ.

ವಾರದ ಐದು ದಿನ ನನ್ನ ಕೆಲಸ ಕೋಡ್ ಬರೆಯುವುದು. ವಾರಾಂತ್ಯದಲ್ಲಿ ರಾಮನಗರದ ಬಂಡೆಗಳು, ರಜೆ ಹೊಂದಿಸಿಕೊಂಡರೆ ಬಾದಾಮಿ ಅಥವಾ ಹಂಪಿ. ‘ಕ್ಲೈಂಬಿಂಗ್ ಮಾಡ್ತೀನಿ’ ಅಂದ ಕೂಡಲೇ ಆಫೀಸಿನಲ್ಲಿ ಬರುವ ಮೊದಲ ಪ್ರಶ್ನೆ, ‘ಕೋತಿರಾಜ್ ಥರಾನಾ?’ ಖಂಡಿತ ಅಲ್ಲ. ಚಿತ್ರದುರ್ಗದ ಕೋಟೆ ಗೋಡೆಯನ್ನು ಹಗ್ಗವಿಲ್ಲದೆ ಏರುವ ಜ್ಯೋತಿರಾಜ್ ಅವರ ದಾರಿಯೇ ಬೇರೆ. ನನ್ನಂಥವರ ಜೀವ ಇರುವುದು ಸೊಂಟಕ್ಕೆ ನೇತುಹಾಕಿಕೊಂಡ ಒಂದಷ್ಟು ಲೋಹ ಮತ್ತು ದಾರದಲ್ಲಿ.

ಬಿರುಕಿನೊಳಗಿನ ಗೆಳೆಯ

ನಾವು ಬಂಡೆಯ ಬಿರುಕು ಹಿಡಿದು ಹತ್ತುವಾಗ ಮೇಲಿನಿಂದ ಯಾರೂ ಹಗ್ಗ ಇಳಿಬಿಟ್ಟಿರುವುದಿಲ್ಲ. ಹತ್ತುತ್ತಾ ಹೋದ ಹಾಗೆ ಬಿರುಕಿನೊಳಗೆ ಏನಾದರೂ ಸಿಕ್ಕಿಸಿ, ನಮ್ಮ ಹಗ್ಗವನ್ನು ಅದಕ್ಕೆ ಕೊಂಡಿ ಹಾಕಿಕೊಂಡು ಮುಂದೆ ಹೋಗಬೇಕು. ಕೈ ಜಾರಿದರೆ ನಮ್ಮನ್ನು ತಡೆಯುವುದು ಕೊನೆಯದಾಗಿ ಸಿಕ್ಕಿಸಿದ ಆ ವಸ್ತುವೇ.

ಇವುಗಳಲ್ಲಿ ತುಂಬಾ ಜಾಣ ಸಾಧನ ಅಂದರೆ ಕ್ಯಾಮ್. ಅಮೆರಿಕದ ರೇ ಜಾರ್ಡಿನ್ 1970ರ ದಶಕದಲ್ಲಿ ರೂಪಿಸಿದ ಇದು, 1978ರಲ್ಲಿ ‘ಫ್ರೆಂಡ್’ ಅನ್ನುವ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ಅದರ ತಲೆಯಲ್ಲಿ ಸ್ಪ್ರಿಂಗ್ ಇರುವ ಮೂರೋ ನಾಲ್ಕೋ ಅಲ್ಯೂಮಿನಿಯಂ ಲೋಬ್‌ಗಳಿರುತ್ತವೆ. ಟ್ರಿಗರ್ ಎಳೆದರೆ ಅವು ಒಳಗೆ ಮಡಚಿಕೊಳ್ಳುತ್ತವೆ. ಬಿರುಕಿನಲ್ಲಿಟ್ಟು ಟ್ರಿಗರ್ ಬಿಟ್ಟರೆ ಅರಳಿ ಎರಡೂ ಕಡೆಯ ಗೋಡೆ ಹಿಡಿಯುತ್ತವೆ. ನಾವು ಬಿದ್ದಾಗ ಕೆಳಗಿನ ಎಳೆತವನ್ನು ಅವು ಪಕ್ಕಕ್ಕೆ ತಿರುಗಿಸಿ, ಪ್ರತಿ ಗೋಡೆಯನ್ನೂ ಆ ಎಳೆತದ ಸುಮಾರು ಎರಡು ಪಟ್ಟು ಬಲದಿಂದ ಒತ್ತುತ್ತವೆ. ಜೋರಾಗಿ ಎಳೆದಷ್ಟೂ ಗಟ್ಟಿಯಾಗಿ ಕಚ್ಚಿಕೊಳ್ಳುತ್ತೆ.

ಕ್ಯಾಮ್‌ನ ಬಾಲದಲ್ಲಿ ಒಂದು ಬಟ್ಟೆಪಟ್ಟಿಯ ಕುಣಿಕೆ ಇರುತ್ತೆ, ಅದೇ ಸ್ಲಿಂಗ್. ಹಗ್ಗಕ್ಕೂ ಕ್ಯಾಮ್‌ಗೂ ನಡುವಿನ ಸಂಬಂಧ ಇದೇ. ಇವತ್ತಿನ ಇಡೀ ಕಥೆ ಈ ಬೆರಳಗಲದ ಪಟ್ಟಿಯದ್ದು.

ಆರು ಕ್ಯಾಮ್, ಒಂದು ಜಗಳ

ನಮ್ಮ ಗುಂಪಿನ ಹಿರಿಯರೊಬ್ಬರಿದ್ದಾರೆ, ನಾವೆಲ್ಲ ಅಣ್ಣ ಅಂತಲೇ ಕರೆಯೋದು. ಮಂಡಿ ನೋವು ಶುರುವಾದ ಮೇಲೆ ತಮ್ಮ ಆರು ಕ್ಯಾಮ್‌ಗಳನ್ನು ನನಗೂ ನನ್ನ ಜೊತೆಗಾರನಿಗೂ ಕೊಟ್ಟುಬಿಟ್ಟರು. ‘ಮನೇಲಿ ಸುಮ್ನೆ ಇದಾವೆ, ನೀವಾದ್ರೂ ಉಪಯೋಗಿಸ್ರೋ’ ಅಂದರು. ಹೊಸ ಕ್ಯಾಮ್ ಒಂದಕ್ಕೆ ಸಾವಿರಗಟ್ಟಲೆ ರೂಪಾಯಿ. ನಮಗೆ ಲಾಟರಿ ಹೊಡೆದ ಹಾಗಾಯ್ತು.

ಮನೆಗೆ ತಂದು ನೆಲದ ಮೇಲೆ ಹರಡಿ ನೋಡಿದೆವು. ಎರಡರಲ್ಲಿ ಟ್ರಿಗರ್ ವೈರ್ ಕಿತ್ತುಹೋಗಿತ್ತು. ಎಲ್ಲದರಲ್ಲೂ ಮಣ್ಣು ತುಂಬಿ ಲೋಬ್‌ಗಳು ಬಿಗಿಯಾಗಿದ್ದವು. ಸ್ಲಿಂಗ್‌ಗಳು ಮಾತ್ರ ನೋಡೋಕೆ ಚೆನ್ನಾಗಿದ್ದವು, ಸ್ವಲ್ಪ ಬಣ್ಣ ಮಾಸಿತ್ತು ಅಷ್ಟೆ. ಅದರ ಮೇಲಿನ ಪುಟ್ಟ ಲೇಬಲ್ ಮಡಚಿ ನೋಡಿದರೆ ತಯಾರಾದ ವರ್ಷ 2009.

ಜಗಳ ಶುರುವಾಗಿದ್ದು ಅಲ್ಲಿಂದ. ‘ಮಗಾ, ಬ್ಯಾಗ್ ಹೊಲಿಯೋರ ಹತ್ರ ಹೊಸ ಪಟ್ಟಿ ಹಾಕಿಸೋಣ. ನನ್ನ ಟ್ರೆಕ್ಕಿಂಗ್ ಬ್ಯಾಗ್‌ನ ಅವ್ರೇ ಹೊಲಿದಿದ್ದು, ಕಲ್ಲು ತುಂಬಿದ್ರೂ ಕಿತ್ಕೊಳ್ಳಲ್ಲ’ ಅಂದ ಜೊತೆಗಾರ. ಬಾದಾಮಿಗೆ ಹೋಗೋಕೆ ಮೂರೇ ವಾರ ಇತ್ತು, ಅವನಿಗೆ ಆತುರ. ನಾನು ಒಪ್ಪಲಿಲ್ಲ.

ಭಾರ ಹೋಗುವ ದಾರಿ

ಎಂಜಿನಿಯರಿಂಗ್‌ನಲ್ಲಿ ಲೋಡ್ ಪಾತ್ ಅಂತ ಕಲಿತಿದ್ದೆವು. ಭಾರ ಎಲ್ಲಿಂದ ಶುರುವಾಗಿ, ಯಾವ ಯಾವ ಭಾಗವನ್ನು ದಾಟಿ, ಕೊನೆಗೆ ಎಲ್ಲಿ ಸೇರುತ್ತೆ ಅನ್ನುವ ದಾರಿ. ನಾನು ಬಿದ್ದರೆ ನನ್ನ ಭಾರ ಹಾರ್ನೆಸ್, ಹಗ್ಗ, ಕ್ಯಾರಬಿನರ್, ಸ್ಲಿಂಗ್, ಕ್ಯಾಮ್‌ನ ಕಾಂಡ, ಆ್ಯಕ್ಸಲ್, ಲೋಬ್ ದಾಟಿ ಬಂಡೆಗೆ ಹೋಗುತ್ತೆ. ಟ್ರಿಗರ್ ವೈರ್ ಈ ಪಟ್ಟಿಯಲ್ಲಿ ಇಲ್ಲ. ಅದರ ಕೆಲಸ ಲೋಬ್‌ಗಳನ್ನು ಮಡಚುವುದು ಮಾತ್ರ.

ಹಾಗಾಗಿ ನಮ್ಮ ನಿಯಮ ಸರಳ. ದಾರಿಯ ಹೊರಗಿರುವುದನ್ನು ಮನೆಯಲ್ಲೇ ರಿಪೇರಿ ಮಾಡಬಹುದು. ದಾರಿಯ ಒಳಗಿರುವುದನ್ನು ತಯಾರಕರು ಮಾಡಬೇಕು, ಇಲ್ಲವೇ ಅದು ಕಸಕ್ಕೆ ಹೋಗಬೇಕು.

ಟ್ರಿಗರ್ ವೈರಿಗೆ ಕೆಲವು ಕಂಪನಿಗಳು ರಿಪೇರಿ ಕಿಟ್ ಮಾರುತ್ತವೆ. ತೆಳು ತಂತಿ ತೂರಿಸಿ, ತುದಿಯ ಪುಟ್ಟ ಲೋಹದ ಕೊಳವೆಯನ್ನು ಇಕ್ಕಳದಲ್ಲಿ ಒತ್ತಿದರೆ ಆಯ್ತು. ಎಲ್ಲ ಲೋಬ್ ಸಮನಾಗಿ ಮಡಚುವಂತೆ ಅಳತೆ ಹೊಂದಿಸುವುದೊಂದೇ ತಾಳ್ಮೆಯ ಕೆಲಸ. ಒಂದು ಭಾನುವಾರ ಬೆಳಗ್ಗೆ ಎರಡೂ ಮುಗಿದವು.

ಮಣ್ಣಿಗೆ ಬಿಸಿನೀರು, ಸೌಮ್ಯವಾದ ಸೋಪು, ಹಳೇ ಟೂತ್‌ಬ್ರಶ್. ನೆರಳಲ್ಲಿ ಪೂರ್ತಿ ಒಣಗಿಸಿ, ಕ್ಯಾಮ್‌ಗೆಂದೇ ಸಿಗುವ ಮೇಣದಂಥ ಲೂಬ್ರಿಕೆಂಟ್ ಒಂದೆರಡು ಹನಿ, ಅದೂ ಆ್ಯಕ್ಸಲ್ ಮತ್ತು ಸ್ಪ್ರಿಂಗ್ ಇರುವ ಕಡೆ ಮಾತ್ರ. ಹೊಲಿಗೆ ಮಷೀನಿನ ಎಣ್ಣೆ ಹಾಕಿದರೆ ಧೂಳೆಲ್ಲ ಅಲ್ಲೇ ಅಂಟಿಕೊಳ್ಳುತ್ತೆ. ಬಂಡೆಯನ್ನು ಹಿಡಿಯುವ ಲೋಬ್‌ನ ಅಂಚಿಗಂತೂ ಏನೂ ತಾಗಬಾರದು. ಕ್ಯಾಮ್ ನಿಲ್ಲುವುದೇ ಘರ್ಷಣೆಯಿಂದ.

ಲೋಹ ತೋರಿಸುತ್ತೆ, ದಾರ ತೋರಿಸಲ್ಲ

ಲೋಹ ಸವೆದರೆ ಹೆಚ್ಚಿನ ಸಲ ಕಣ್ಣಿಗೆ ಕಾಣುತ್ತೆ. ಹಗ್ಗ ಉಜ್ಜಿ ಉಜ್ಜಿ ಕ್ಯಾರಬಿನರ್‌ನಲ್ಲಿ ಗೀರು ಬೀಳುತ್ತೆ, ಅದರ ಅಂಚು ಚೂಪಾದರೆ ಹಗ್ಗವನ್ನೇ ಕತ್ತರಿಸಬಲ್ಲದು. ಬೆರಳಿಟ್ಟು ಸವರಿದರೆ ಗೊತ್ತಾಗುತ್ತೆ. ಲೋಬ್ ಚಪ್ಪಟೆಯಾಗಿದ್ದರೆ, ಕಾಂಡದ ಎಳೆ ಬಿಚ್ಚಿದ್ದರೆ ಅದೂ ಕಾಣುತ್ತೆ. ಅಪವಾದವೂ ಇದೆ. ಥಾಯ್ಲೆಂಡ್‌ನ ಸಮುದ್ರ ತೀರದ ಸುಣ್ಣಕಲ್ಲಿನ ಬಂಡೆಗಳಲ್ಲಿ ಸ್ಟೇನ್‌ಲೆಸ್ ಸ್ಟೀಲ್ ಬೋಲ್ಟ್‌ಗಳು ಒಳಗೊಳಗೇ ಬಿರುಕು ಬಿಟ್ಟು ಮುರಿದದ್ದರಿಂದ ಅಲ್ಲೀಗ ಟೈಟಾನಿಯಂ ಬೋಲ್ಟ್ ಹಾಕುತ್ತಾರೆ.

ದಾರದ ಕಥೆ ಬೇರೆ. ಕಾರ್ಖಾನೆಯಲ್ಲಿ ಹೊಲಿದ ಹೊಸ ಸ್ಲಿಂಗ್ 22 ಕಿಲೋನ್ಯೂಟನ್, ಅಂದರೆ ಎರಡು ಟನ್ನಿಗೂ ಮಿಕ್ಕಿದ ಎಳೆತ ತಡೆಯಬೇಕು ಅನ್ನುವುದು ಯುರೋಪಿನ ಮಾನದಂಡ. ಬಿಸಿಲು, ಮಣ್ಣಿನ ಕಣ, ಬಂಡೆಯ ಉಜ್ಜಾಟ ಸೇರಿ ಆ ಶಕ್ತಿಯನ್ನು ತಿನ್ನುತ್ತಾ ಹೋಗುತ್ತವೆ. ಎಷ್ಟು ಉಳಿದಿದೆ ಅಂತ ನೋಡಿ ಹೇಳೋಕಾಗಲ್ಲ. ತೆಳ್ಳಗಿನ ಡೈನೀಮಾ ಪಟ್ಟಿಗೆ ಗಂಟು ಹಾಕಿದರೂ ಶಕ್ತಿ ಸುಮಾರು ಅರ್ಧಕ್ಕಿಳಿಯುತ್ತೆ. ಅದಕ್ಕೇ ಪೆಟ್ಜಲ್‌ನಂಥ ಕಂಪನಿಗಳು ಬಟ್ಟೆ ಮತ್ತು ಪ್ಲಾಸ್ಟಿಕ್ ಸಲಕರಣೆಗಳಿಗೆ ತಯಾರಾದ ದಿನದಿಂದ ಗರಿಷ್ಠ 10 ವರ್ಷ ಅಂತ ಗಡುವು ಇಟ್ಟಿವೆ, ಲೋಹಕ್ಕೆ ಅಂಥ ಗಡುವಿಲ್ಲ.

ನಮ್ಮ ಮನೆಗಳಿಗೆ ಇನ್ನೊಂದು ಅಪಾಯ ಇದೆ. ಯುಪಿಎಸ್ ಬ್ಯಾಟರಿ ಇರುವ ಮೂಲೆಯಲ್ಲೇ ಹಗ್ಗ, ಹಾರ್ನೆಸ್ ತುರುಕಿಡೋದು. ಬ್ಯಾಟರಿಯ ಆ್ಯಸಿಡ್, ಅದರ ಆವಿ ಕೂಡ, ನೈಲಾನನ್ನು ಹಾಳು ಮಾಡುತ್ತೆ. ಹಗ್ಗದ ಬಣ್ಣ ಬದಲಾಗದೆಯೂ ಇರಬಹುದು.

ಟಾಡ್ ಸ್ಕಿನ್ನರ್ ಹೆಸರು ಹತ್ತುವವರಿಗೆಲ್ಲ ಗೊತ್ತು. ಯೊಸೆಮಿಟಿಯ ಸಲಾಥೆ ಗೋಡೆಯನ್ನು 1988ರಲ್ಲಿ ಪಾಲ್ ಪಿಯಾನಾ ಜೊತೆ ಮೊದಲ ಬಾರಿಗೆ ಫ್ರೀ ಕ್ಲೈಂಬಿಂಗ್‌ನಲ್ಲಿ ಏರಿದವರು. 2006ರ ಅಕ್ಟೋಬರ್‌ನಲ್ಲಿ ಅದೇ ಯೊಸೆಮಿಟಿಯ ಲೀನಿಂಗ್ ಟವರ್‌ನಿಂದ ಹಗ್ಗ ಹಿಡಿದು ಇಳಿಯುವಾಗ ಅವರ ಹಾರ್ನೆಸ್ಸಿನ ಮುಂಭಾಗದ ಕುಣಿಕೆ, ಬಿಲೇ ಲೂಪ್, ತುಂಡಾಯಿತು. ಅವರು ಉಳಿಯಲಿಲ್ಲ. ಲೂಪ್ ಸವೆದಿದ್ದನ್ನು ಜೊತೆಗಾರ ಮೊದಲೇ ಗಮನಿಸಿ ಹೇಳಿದ್ದರು, ಹೊಸ ಹಾರ್ನೆಸ್ಸಿಗೆ ಆರ್ಡರ್ ಕೂಡ ಹೋಗಿತ್ತು. ಅಂಥ ಅನುಭವಿಗೇ ‘ಇನ್ನೊಂದೆರಡು ದಿನ’ ಸಿಗಲಿಲ್ಲ.

ಇದನ್ನು ಹೇಳಿದ ಮೇಲೆ ಜೊತೆಗಾರ ಬ್ಯಾಗ್ ಹೊಲಿಯುವವರ ಮಾತು ಎತ್ತಲಿಲ್ಲ. ಅವರ ಹೊಲಿಗೆ ಗಟ್ಟಿ ಇಲ್ಲ ಅಂತಲ್ಲ. ಆ ದಾರ ಯಾವುದು, ಎಷ್ಟು ಹೊಲಿಗೆ, ಎಷ್ಟು ತಡೆಯುತ್ತೆ ಅಂತ ಎಳೆದು ನೋಡಿದವರು ಯಾರೂ ಇಲ್ಲ. ಪ್ರೊಡಕ್ಷನ್‌ಗೆ ಟೆಸ್ಟ್ ಮಾಡದ ಕೋಡ್ ಬಿಡೋಕೆ ಹೆದರುವ ನಾವು, ಟೆಸ್ಟ್ ಮಾಡದ ಹೊಲಿಗೆಗೆ ನೇತಾಡೋದು ಹೇಗೆ?

ಸೂಟ್‌ಕೇಸ್ ಸೇವೆ

ವೇಲ್ಸ್‌ನ ಡಿಎಂಎಂ ತರಹದ ಕೆಲವು ತಯಾರಕರು ತಮ್ಮ ಹಳೇ ಕ್ಯಾಮ್‌ಗಳಿಗೆ ತಾವೇ ಪರೀಕ್ಷಿಸಿ ಹೊಸ ಸ್ಲಿಂಗ್ ಹೊಲಿದುಕೊಡುತ್ತಾರೆ. ಇಲ್ಲಿಂದ ಕೊರಿಯರ್ ಮಾಡಿದರೆ ಖರ್ಚು ಜಾಸ್ತಿ, ಕಸ್ಟಮ್ಸ್ ತಲೆನೋವು ಬೇರೆ. ನಮಗೆ ಸಿಕ್ಕ ಉಪಾಯ ಐಟಿಯವರಿಗೆಲ್ಲ ಗೊತ್ತಿರೋದೇ. ಲಂಡನ್‌ಗೆ ಆನ್‌ಸೈಟ್ ಹೊರಟ ಸಹೋದ್ಯೋಗಿಯ ಚೆಕ್-ಇನ್ ಬ್ಯಾಗಿನಲ್ಲಿ, ಅವರಮ್ಮ ಕೊಟ್ಟ ಚಟ್ನಿಪುಡಿಯ ಪಕ್ಕ, ಆರು ಕ್ಯಾಮ್‌ಗಳೂ ಹೋದವು. ನಾಲ್ಕು ತಿಂಗಳಾದ ಮೇಲೆ ಹೊಸ ಸ್ಲಿಂಗ್ ಹಾಕಿಸಿಕೊಂಡು ಐದು ವಾಪಸ್ ಬಂದವು. ಆರನೆಯದರ ಆ್ಯಕ್ಸಲ್ ಬಾಗಿದೆ, ಬಳಸಬೇಡಿ ಅಂತ ಚೀಟಿ ಬಂತು.

ಆ ಸಲ ಬಾದಾಮಿಯಲ್ಲಿ ಬಿರುಕು ಬಿಟ್ಟು ಬೋಲ್ಟ್ ಇರುವ ದಾರಿಗಳನ್ನಷ್ಟೇ ಹತ್ತಿದೆವು. ಜೊತೆಗಾರನ ಮುಖ ಎರಡು ದಿನ ಊದಿಕೊಂಡಿತ್ತು, ಮೂರನೇ ದಿನ ಸರಿಹೋಯ್ತು. ಅಣ್ಣನಿಗೆ ಆರನೇ ಕ್ಯಾಮ್ ವಿಷಯ ಹೇಳುವಾಗ ನನಗೇ ಅಳುಕು. ಅವರು ನಕ್ಕು, ‘ಹೊಸಬರಿಗೆ ನೆಲದ ಮೇಲೆ ಹೇಳಿಕೊಡೋಕೆ ಇಟ್ಕೊ’ ಅಂದರು. ಆ್ಯಕ್ಸಲ್ ಬಾಗಿದ್ದು ಯಾವ ಬೀಳುವಿಕೆಯಲ್ಲಿ ಅನ್ನುವುದೂ ಅವರಿಗೆ ನೆನಪಿತ್ತು.

ನೀವು ಹತ್ತದಿದ್ದರೂ

ಟೀಮ್ ಔಟಿಂಗ್ ಅಂತ ರಾಮನಗರಕ್ಕೆ ರಾಪೆಲಿಂಗ್ ಮಾಡೋಕೆ ಹೋಗುವವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದೀರಿ. ಮುಂದಿನ ಸಲ ಹಾರ್ನೆಸ್ ಕೈಗೆ ಬಂದಾಗ ಸೆಲ್ಫಿಗೆ ಮುಂಚೆ ಎರಡು ನಿಮಿಷ ತಗೊಳ್ಳಿ. ಒಳಗಿನ ಲೇಬಲ್ ಹುಡುಕಿ ವರ್ಷ ನೋಡಿ. ಮುಂದಿನ ಕುಣಿಕೆಯನ್ನು ಸುತ್ತಲೂ ತಿರುಗಿಸಿ, ಎಳೆ ಎದ್ದಿದೆಯಾ, ಹೊಲಿಗೆ ಬಿಚ್ಚಿದೆಯಾ ನೋಡಿ. ಲೇಬಲ್ಲೇ ಓದೋಕೆ ಬರ್ತಿಲ್ಲ ಅಂದರೆ ಬೇರೆ ಹಾರ್ನೆಸ್ ಕೇಳಿ. ಒಳ್ಳೆಯ ಇನ್‌ಸ್ಟ್ರಕ್ಟರ್ ಆದರೆ ಬೇಜಾರು ಮಾಡ್ಕೊಳ್ಳಲ್ಲ, ಇನ್ನೊಂದು ತೆಗೆದುಕೊಡ್ತಾರೆ. ಬೇಜಾರು ಮಾಡಿಕೊಂಡರೆ ಅವತ್ತು ಕೆಳಗೇ ಕೂತು ತಟ್ಟೆ ಇಡ್ಲಿ ತಿನ್ನಿ. ಬಂಡೆ ಎಲ್ಲಿಗೂ ಹೋಗಲ್ಲ.