ಚಳಿಗಾಲದ ಗೂಡಿನಲ್ಲಿ ಫಿಂಚ್ ಮರಿಗಳು

ಮುಂಬಯಿ, ಚೆನ್ನೈಗಳಲ್ಲಿ ನೆಲೆಸಿರುವ ವಾಚಕ ಬಂಧುಗಳಿಗೆ ಈ ಬರಹ ಅಷ್ಟಾಗಿ ಉಪಯೋಗಕ್ಕೆ ಬಾರದಿರಬಹುದು. ಅಲ್ಲಿ ಡಿಸೆಂಬರಿನಲ್ಲಿಯೂ ಫ್ಯಾನು ತಿರುಗುತ್ತಿರುತ್ತದೆ. ನಮ್ಮ ದಿಲ್ಲಿಯ ಮಾತೇ ಬೇರೆ. ೨೦೨೧ರ ಜನವರಿ ೧ರ ಬೆಳಗ್ಗೆ ಸಫ್ದರ್‌ಜಂಗಿನಲ್ಲಿ ಉಷ್ಣಾಂಶ ೧.೧ ಡಿಗ್ರಿಗೆ ಇಳಿದಿತ್ತು. ಆ ಬೆಳಗನ್ನು ನಾವು ಮರೆಯುವಂತಿಲ್ಲ.

ನಮ್ಮ ಮೂರನೆಯ ಅಂತಸ್ತಿನ ಬಾಲ್ಕನಿಗೆ ಜಾಲರಿ ಹೊಡೆಸಿ ಜೀಬ್ರಾ ಫಿಂಚುಗಳನ್ನು ಸಾಕಿದ್ದೇವೆ. ಇವುಗಳ ತವರು ಆಸ್ಟ್ರೇಲಿಯ. ನಮ್ಮ ಹೊಲಗಳ ರಾಟವಾಳಕ್ಕೆ ದೂರದ ನಂಟರು. (ರಾಟವಾಳಗಳನ್ನು ಹಿಡಿದು ಸಾಕುವುದು ಕಾಯಿದೆಗೆ ವಿರುದ್ಧ, ಆ ಆಸೆ ಯಾರಿಗೂ ಬೇಡ.) ಕಾಳು, ನೀರು, ಒಂದು ಪುಟ್ಟ ಮಡಕೆ ಸಿಕ್ಕಿತೆಂದರೆ ಈ ಹಕ್ಕಿಗಳು ತಿಥಿ ವಾರ ನೋಡದೆ ಸಂಸಾರ ಹೂಡಿಬಿಡುತ್ತವೆ. ನಾವೂ ಆಗ ಹೊಸಬರು. ಡಿಸೆಂಬರಿನ ಮೊದಲಲ್ಲಿ ಮೊಟ್ಟೆ ಕಂಡಾಗ ಹಿಗ್ಗಿದೆವೇ ಹೊರತು ಪಂಚಾಂಗ ನೋಡಲಿಲ್ಲ. ಹೆಣ್ಣು ಗಂಡು ಸರದಿಯ ಮೇಲೆ ಕಾವು ಕೊಟ್ಟವು. ಹನ್ನೆರಡು ಹದಿಮೂರು ದಿನಕ್ಕೆ ನಾಲ್ಕು ಮರಿಗಳಾದವು.

ಡಿಸೆಂಬರ್ ೩೧ರ ರಾತ್ರಿ ಒಂಬತ್ತಕ್ಕೆ ನಾವು ಬಾಲ್ಕನಿಯ ದೀಪವನ್ನು ಟಪ್ಪನೆ ಆರಿಸಿ ಒಳಗೆ ಹೋದೆವು. ತಾಯಿ ಹಕ್ಕಿ ಆಗ ಕಾಳಿನ ಬಟ್ಟಲ ಬಳಿ ಇತ್ತು. ಗಂಡೂ ಹೊರಗೇ ಇತ್ತು. ಈ ಹಕ್ಕಿಗಳಿಗೆ ಕತ್ತಲಲ್ಲಿ ಕಣ್ಣು ಕಾಣಿಸುವುದಿಲ್ಲ; ಗೂಡಿನ ಬಾಯಿ ತಿಳಿಯದೆ ಎರಡೂ ಇದ್ದಲ್ಲಿಯೇ ಮುದುರಿ ಕುಳಿತವು. ಬೆಳಗ್ಗೆ ನೋಡಿದರೆ, ಆರು ದಿನದ ಮೂರು ಮರಿಗಳು ಸತ್ತು ತಣ್ಣಗಾಗಿದ್ದವು. ಅವುಗಳ ಅಡಿಯಲ್ಲಿದ್ದ ನಾಲ್ಕನೆಯದು ಮಾತ್ರ ಒಮ್ಮೆ ಕೊರಳಾಡಿಸಿತು.

ಆ ಮರಿಗೆ ಮೊದಲು ತಿನ್ನಿಸಲು ಹೋಗಲಿಲ್ಲ, ಅದೊಂದು ಪುಣ್ಯ. ಮೈ ತಣ್ಣಗಿರುವಾಗ ಮರಿಗೆ ತಿಂದದ್ದು ಅರಗುವುದಿಲ್ಲ. ಅಂಗೈಗಳ ನಡುವೆ ಇಟ್ಟುಕೊಂಡು ಅರ್ಧ ಗಂಟೆ ಬೆಚ್ಚಗೆ ಮಾಡಿದೆವು. ಬಾಯಿ ತೆರೆದು ಕೂಗತೊಡಗಿದ ಮೇಲೆ ಗೂಡಿಗೆ ಮರಳಿಸಿದೆವು. ಮನುಷ್ಯರು ಮುಟ್ಟಿದರೆ ತಾಯಿ ಒಲ್ಲೆನೆನ್ನುತ್ತದೆಂಬ ಮಾತು ಫಿಂಚುಗಳ ಮಟ್ಟಿಗೆ ಸುಳ್ಳು. ತಾಯಿ ಐದೇ ನಿಮಿಷದಲ್ಲಿ ಒಳಹೊಕ್ಕಿತು.

ಮೊಟ್ಟೆಯೊಡೆದು ಬಂದ ಮರಿ ಒಂದು ಗ್ರಾಮಿನ ಆಸುಪಾಸು ತೂಗುತ್ತದೆ. ಮೈಮೇಲೆ ಹೆಸರಿಗಷ್ಟೇ ನವಿರು. ತನ್ನ ಕಾವನ್ನು ತಾನೇ ಕಾಯ್ದುಕೊಳ್ಳುವ ಶಕ್ತಿ ಬರಲು ಹತ್ತು ದಿನಗಳಾದರೂ ಬೇಕು. ಅಷ್ಟರಲ್ಲಿ, ಏಳೆಂಟನೆಯ ದಿನದಿಂದಲೇ, ತಾಯಿತಂದೆ ಕಾವಿಗೆ ಕೂರುವುದನ್ನು ಕಡಿಮೆ ಮಾಡುತ್ತವೆ. ಗರಿ ಇನ್ನೂ ಮುಳ್ಳಿನಂತೆ ನಿಂತಿರುತ್ತದೆ, ಹೊದಿಕೆಯಾಗಿರುವುದಿಲ್ಲ. ಚಳಿ ಹೆಚ್ಚಾಗಿ ಕೊಲ್ಲುವುದು ಈ ಎರಡು ಮೂರು ದಿನಗಳಲ್ಲಿ. ನಾಲ್ಕು ಮರಿಗಳಿದ್ದರೆ ಒಂದಕ್ಕೊಂದು ಒತ್ತಿಕೊಂಡು ಬದುಕಿಯಾವು. ಒಂಟಿ ಮರಿಯ ಪಾಡು ಕಷ್ಟ. ಅದೇ ವಯಸ್ಸಿನ ಮರಿಗಳಿರುವ ಬೇರೆ ಗೂಡಿದ್ದರೆ ಅದನ್ನು ಅಲ್ಲಿಗೆ ಸೇರಿಸುವುದೇ ಮೇಲು. ನಮಗೆ ಆ ಭಾಗ್ಯವಿರಲಿಲ್ಲ.

ಇನ್ನೊಂದು ಸಂಗತಿ ನಮಗೆ ತಡವಾಗಿ ಹೊಳೆಯಿತು: ಚಳಿಗಿಂತ ದೀರ್ಘ ರಾತ್ರಿಯೇ ದೊಡ್ಡ ವೈರಿ. ದಿಲ್ಲಿಯಲ್ಲಿ ಆಗ ಐದೂವರೆಗೆ ಸೂರ್ಯ ಮುಳುಗಿದರೆ ಏಳು ಗಂಟೆ ದಾಟಿದ ಮೇಲೆಯೇ ಮತ್ತೆ ದರ್ಶನ. ಅಷ್ಟು ಹೊತ್ತು ಹಸಿದ ಹೊಟ್ಟೆಯಲ್ಲಿ ಕಾವು ಎಲ್ಲಿಂದ ಬಂದೀತು? ಮರಿಯ ಕೊರಳ ಬದಿಯ ಚೀಲ ಎಷ್ಟು ತೆಳುವೆಂದರೆ, ಒಳಗಿನ ಕಾಳು ಚರ್ಮದ ಮೂಲಕ ಬೆಳ್ಳಗೆ ಕಾಣುತ್ತದೆ. ಮಲಗುವ ಮುನ್ನ ಅದು ತುಂಬಿದೆಯೆ ಎಂದು ನೋಡಿದರೆ ಅರ್ಧ ಚಿಂತೆ ಕಳೆದಂತೆ. ಈಗ ಸಂಜೆ ಎಂಟರವರೆಗೆ ದೀಪವಿಡುತ್ತೇವೆ. ಅದನ್ನು ಆರಿಸುವ ಮುನ್ನ ಒಂದು ಮಂದ ದೀಪ ಹಚ್ಚಿ ರಾತ್ರಿಯಿಡೀ ಬಿಡುತ್ತೇವೆ. ಮೊಳಕೆ ಬಂದ ನವಣೆ, ಬೇಯಿಸಿದ ಮೊಟ್ಟೆಯನ್ನು ಚಿಪ್ಪಿನ ಪುಡಿಯೊಡನೆ ಸಂಜೆ ನಾಲ್ಕಕ್ಕೆ ಕೊಡುತ್ತೇವೆ. ನವಣೆ ಊರಿನಿಂದಲೇ ಬರುತ್ತದೆ. ನಮ್ಮ ಪಾಲಿನಲ್ಲಿ ಹಕ್ಕಿಗಳಿಗೂ ಭಾಗ.

ಮಡಕೆಗಳನ್ನು ಗಾಳಿ ಬಡಿಯದ ಗೋಡೆಯ ಮಗ್ಗುಲಿಗೆ ಕಟ್ಟಿ, ಒಳಗೆ ಒಣಹುಲ್ಲು, ತೆಂಗಿನ ನಾರು ಹಾಸಿದ್ದೇವೆ. ಉದ್ದನೆಯ ದಾರ ಬೇಡ, ಕಾಲಿಗೆ ಸುತ್ತಿಕೊಳ್ಳುತ್ತದೆ. ರಾತ್ರಿ ಮೂರು ಕಡೆ ಗೋಣಿ, ಅದರ ಮೇಲೆ ಅಜ್ಜಿ ಹೊಲಿದ ಹಳೆಯ ಕೌದಿ. ಮೇಲ್ಗಡೆ ಗಾಳಿಯಾಡಲು ಬಿಡಲೇಬೇಕು. ಪೂರಾ ಮುಚ್ಚಿದರೆ ಒಳಗೆ ತೇವ ಕಟ್ಟಿ, ಒಣ ಚಳಿಗಿಂತ ಕೇಡಾಗುತ್ತದೆ. ಎಲ್‌ಇಡಿ ದೀಪದಿಂದ ಬೆಳಕು ಬರುತ್ತದೆ, ಕಾವು ಬಾರದು. ಆದ್ದರಿಂದ ಬೆಳಕಿಲ್ಲದೆ ಕಾವು ಕೊಡುವ ಸಿರಾಮಿಕ್ ಬಲ್ಬೊಂದನ್ನು ಜಾಲರಿಯ ಹೊರಗೆ, ಒಂದೇ ಮೂಲೆಗೆ ಇಟ್ಟಿದ್ದೇವೆ. ಸೆಕೆಯೆನಿಸಿದರೆ ಹಕ್ಕಿಗಳು ದೂರ ಸರಿದುಕೊಳ್ಳಲಿ. ನೆರೆಯವರು ಇದ್ದಲಿನ ಅಂಗೀಠಿ ಇಡಿರೆಂದರು. ಅದನ್ನು ಮಾತ್ರ ಒಪ್ಪಬೇಡಿ. ಮುಚ್ಚಿದ ಕಡೆ ಅದರ ವಿಷಾನಿಲ ಮನುಷ್ಯರನ್ನೇ ಕೊಲ್ಲುತ್ತದೆ. ಫಿಂಚಿನ ಮಾತು ಹೇಳುವುದೇನು?

ಇಷ್ಟೆಲ್ಲ ಏರ್ಪಾಡು ಇದ್ದರೂ, ದಿಲ್ಲಿಯ ನಡುಚಳಿಯಲ್ಲಿ ಮರಿ ಮಾಡಿಸಬಾರದೆಂಬುದೇ ಈಗ ನಮ್ಮ ಮತ. ಚಳಿಯಲ್ಲಿ ಹೆಣ್ಣಿಗೆ ಮೊಟ್ಟೆ ಒಳಗೇ ಸಿಕ್ಕಿಕೊಳ್ಳುವ ಅಪಾಯವೂ ಉಂಟು. ನವೆಂಬರ್ ಕೊನೆಗೆ ಮಡಕೆಗಳನ್ನೆಲ್ಲ ತೆಗೆದಿಟ್ಟು, ಫೆಬ್ರವರಿಯಲ್ಲಿ ಮತ್ತೆ ಕಟ್ಟುತ್ತೇವೆ. ಮೇಲೆ ಹೇಳಿದ ಉಪಾಯಗಳು ಕಣ್ತಪ್ಪಿ ಹುಟ್ಟಿದ ಮರಿಗಳಿಗಾಗಿ.

ಅಂದು ಉಳಿದ ಮರಿ ಹೆಣ್ಣಾಗಿ ಬೆಳೆಯಿತು. ಮಡಕೆ ತೆಗೆದದ್ದಕ್ಕೆ ಅದರ ಆಕ್ಷೇಪಣೆ ಎಲ್ಲರಿಗಿಂತ ಜೋರು: ಬೆಳಗಾದರೆ ಕಾಳಿನ ಬಟ್ಟಲಿಗೆ ಹುಲ್ಲು ತುಂಬಿ, ಅದರ ಮೇಲೆಯೇ ಕುಳಿತಿರುತ್ತಿತ್ತು.